ದೇವರಾಜ ಮಾರುಕಟ್ಟೆಗೆ ಬಂದಿರುವುದು ಮುಪ್ಪಲ್ಲ

ಮೈಸೂರಿನ ದೇವರಾಜ ಮಾರುಕಟ್ಟೆ ಸಯ್ಯಾಜಿರಾವ್ ರಸ್ತೆಯ ಪಶ್ಚಿಮ ಮಗ್ಗುಲಲ್ಲಿದೆ. ದಕ್ಷಿಣದ ತುದಿಯಲ್ಲಿ ಊರವರು ಚಿಕ್ಕ ಗಡಿಯಾರ ಎಂದು ಕರೆಯುವ ಡಫರಿನ್ ಗೋಪುರ, ಉತ್ತರದ ತುದಿಯಲ್ಲಿ ಧನ್ವಂತರಿ ರಸ್ತೆ. ಇವೆರಡರ ನಡುವಿನ ಸುಮಾರು ಮೂರೂವರೆ ಎಕರೆಯಲ್ಲಿ ಎಂಟುನೂರಕ್ಕೂ ಹೆಚ್ಚು ಮಳಿಗೆಗಳಿವೆ. 2016ರ ಆಗಸ್ಟ್ 28ರಂದು ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದುಬಿದ್ದ ಮೇಲೆ ಈ ಕಟ್ಟಡದ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿತು. ಕಟ್ಟಡಕ್ಕೆ ವಯಸ್ಸಾಗಿದೆ, ದುರಸ್ತಿಗೆ ಸುರಿದ ಹಣ ನೀರಿಗೆ ಹಾಕಿದಂತೆ. ಕೆಡವಿ, ಅದೇ ಪಾರಂಪರಿಕ ಶೈಲಿಯಲ್ಲಿ ಹೊಸದಾಗಿ ಕಟ್ಟಿದರೆ ಚಂದವೂ ಉಳಿಯುತ್ತದೆ, ಜನರ ಜೀವಕ್ಕೂ ಭಯವಿಲ್ಲ, ವಾಹನ ನಿಲ್ಲಿಸಲು ಜಾಗವೂ ಸಿಗುತ್ತದೆ ಎಂಬುದು ಅದರ ಸಾರ. ಪಕ್ಷ ಯಾವುದಿರಲಿ, ಅಧಿಕಾರಕ್ಕೆ ಬಂದವರು ಹೆಚ್ಚುಕಡಿಮೆ ಇದನ್ನೇ ಹೇಳುತ್ತ ಬಂದಿದ್ದಾರೆ. ವಿಷಯ ಹೈಕೋರ್ಟಿಗೂ ಹೋಯಿತು. 2023ರಲ್ಲಿ ನ್ಯಾಯಾಲಯ ಕೆಡವುವ ತೀರ್ಮಾನಕ್ಕೆ ಅಡ್ಡಬರಲಿಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು ಎಂದು ಬಹಳ ಜನ ತಿಳಿದರು.

ಚರ್ಚೆ ಮುಗಿದಿಲ್ಲ. ಕೆಡವುವ ಅಧಿಕಾರ ಸರ್ಕಾರಕ್ಕೆ ಇದೆಯೇ ಎಂಬುದು ಕಾನೂನಿನ ಪ್ರಶ್ನೆ. ಕೆಡವುವುದು ವಿವೇಕವೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕಡತದಲ್ಲಿ ಸೇರಿಸಿ ಕಟ್ಟಿಡಲು ಬರುವುದಿಲ್ಲ. ಈ ಅಭಿಪ್ರಾಯಕ್ಕೆ ಆಧಾರವಾಗಿರುವ ಒಂದೊಂದು ಮಾತನ್ನೂ ಬಿಡಿಸಿ ನೋಡಿದರೆ ಅದು ನಿಂತಿರುವ ನೆಲವೇ ಪೊಳ್ಳು ಎಂಬುದು ಗೊತ್ತಾಗುತ್ತದೆ.

ಮಾರುಕಟ್ಟೆ ಹುಟ್ಟಿದ ಬಗೆಯನ್ನು ಮೊದಲು ನೋಡಬೇಕು. ಮೈಸೂರಿಗೆ ಕಾವೇರಿಯ ನೀರು ತರಲು ದಿವಾನ್ ಪೂರ್ಣಯ್ಯನವರು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ತೋಡಿಸಿದ ಕಾಲುವೆಗೆ ನದಿಯ ನೀರು ಬರಲೇ ಇಲ್ಲ. ಬಂದದ್ದು ಊರಿನ ಕೊಳಚೆ. ನಗರದ ಮಧ್ಯೆ ಹಾದಿದ್ದ ಆ ಹಳ್ಳದ ಭಾಗವನ್ನು ಮುಚ್ಚಿ, ಅಲ್ಲಿ ಸಯ್ಯಾಜಿರಾವ್ ರಸ್ತೆಯನ್ನು ಮಾಡಿ, ಇಕ್ಕೆಲದಲ್ಲಿ ಒಂದೇ ಮಾದರಿಯ ಅಂಗಡಿ ಸಾಲುಗಳನ್ನು ಎಬ್ಬಿಸಿದ ಸಂಗತಿ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಅದು 1886ರ ಸುಮಾರಿನ ಮಾತು. ಹತ್ತನೆಯ ಚಾಮರಾಜ ಒಡೆಯರು ಅಧಿಕಾರ ವಹಿಸಿಕೊಂಡು ಐದು ವರ್ಷವಾಗಿತ್ತು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ವೈಸರಾಯ್ ಡಫರಿನ್ ಬಂದುಹೋದ ನೆನಪಿನ ಗಡಿಯಾರ ಗೋಪುರವೂ ಅದೇ ವರ್ಷದ್ದು. ಅದರ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ ಇನ್ನೊಬ್ಬ ವೈಸರಾಯ್ ಹೆಸರಿನಲ್ಲಿ 1892ರಲ್ಲಿ ಎದ್ದಿತು. ಮಾರುಕಟ್ಟೆಗೆ ಇಟ್ಟ ಹೆಸರು ಮಾತ್ರ ಹದಿನೇಳನೆಯ ಶತಮಾನದ ದೊಡ್ಡದೇವರಾಜ ಒಡೆಯರದು. ಹಿಂದಿನ ರಸ್ತೆಗೆ ಹೆಸರು ಕೊಟ್ಟಿರುವ ಮುಖ್ಯಮಂತ್ರಿ ದೇವರಾಜ ಅರಸರಿಗೂ ಇದಕ್ಕೂ ಸಂಬಂಧವಿಲ್ಲ, ಮೈಸೂರಿಗೆ ಹೊಸದಾಗಿ ಬಂದವರು ಹಾಗೆಂದು ತಿಳಿಯುವುದುಂಟು.

ಒಂದೇ ಏಟಿಗೆ ಕಟ್ಟಿ ಮುಗಿಸಿದ ಕಟ್ಟಡವಲ್ಲ ಇದು. 1886ರಲ್ಲಿ ತೊಡಗಿದ ಕೆಲಸ ಹಂತ ಹಂತವಾಗಿ ನಡೆದು ಈಗಿನ ಆಕಾರಕ್ಕೆ ಬರುವಾಗ 1925ರ ಹತ್ತಿರವಾಗಿತ್ತು. ನಾಲ್ಕು ದಶಕಗಳ ಕಾಲ, ಒಂದು ಸಾಲಿಗೆ ಇನ್ನೊಂದು ಸಾಲು ಸೇರಿಸುತ್ತ, ಬೇಕಾದಷ್ಟು ಬೆಳೆಸುತ್ತ ಕಟ್ಟಿದ್ದು. ಹೊರಸುತ್ತಿನಲ್ಲಿ ರಸ್ತೆಗೆ ಮುಖ ಮಾಡಿದ ಅಂಗಡಿಗಳು, ಅವುಗಳ ನಡುನಡುವೆ ಕಮಾನಿನ ಬಾಗಿಲುಗಳು, ಒಳಗೆ ಉದ್ದಕ್ಕೆ ಹಾಯ್ದ ಓಣಿಗಳು, ಓಣಿಗಳ ಮೇಲೆ ಇಳಿಜಾರು ಚಾವಣಿ. ಮಳಿಗೆಗಳನ್ನು ಬೇರ್ಪಡಿಸುವ ದಪ್ಪ ಇಟ್ಟಿಗೆ ಗೋಡೆಗಳೇ ಮೇಲಿನ ತಾರಸಿಯ ಭಾರವನ್ನು ಹೊರುತ್ತವೆ. ಹಾಗಾಗಿ ಪ್ರತಿ ಅಂಗಡಿಯೂ ತನ್ನಷ್ಟಕ್ಕೆ ತಾನು ನಿಂತ ಒಂದು ಪೆಟ್ಟಿಗೆ. ಕೆಡವುವ ವಾದ ಮರೆತಿರುವ ಮುಖ್ಯ ಸಂಗತಿ ಇದು.

ಒಳಗಿನ ಏರ್ಪಾಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತರಕಾರಿ ಸಾಲಿನಲ್ಲಿ ವ್ಯಾಪಾರಿ ಕುಳಿತುಕೊಳ್ಳುವುದು ನೆಲದಿಂದ ಎತ್ತರಿಸಿದ ಕಟ್ಟೆಯ ಮೇಲೆ. ಮಾಲು ಅವರ ಸುತ್ತ ಇಳಿಜಾರಾಗಿ ಗಿರಾಕಿಯ ಕೈಗೆ ಎಟುಕುವಂತೆ ಹರಡಿರುತ್ತದೆ. ಎದ್ದು ಓಡಾಡದೆ, ಕುಳಿತಲ್ಲಿಂದಲೇ ತೂಗಿ, ಚೀಲಕ್ಕೆ ಸುರಿದು, ದುಡ್ಡು ಎಣಿಸಿಕೊಳ್ಳಬಹುದು. ಅಂಗಡಿಯ ಅಗಲ ಒಬ್ಬರ ಎರಡು ಕೈ ಚಾಚಿದಷ್ಟೇ ಇದ್ದರೂ ವ್ಯಾಪಾರಕ್ಕೆ ಸಾಕು, ಬಾಡಿಗೆಗೂ ಭಾರವಾಗದು. ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮೊಳದಲ್ಲೂ ಮಾರಿನಲ್ಲೂ ಅಳೆದು ಕೊಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಬಿಡಿಹೂವು ಕಟ್ಟುತ್ತಲೇ ಇರುತ್ತಾರೆ. ವೀಳ್ಯದೆಲೆಯ ಕಟ್ಟುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ ಆಗಾಗ ನೀರು ಚಿಮುಕಿಸುತ್ತಾರೆ. ಬಾಳೆಗೊನೆಗಳನ್ನು ಹಣ್ಣಾದಂತೆ ಸಾಲಾಗಿ ತೂಗುಹಾಕುತ್ತಾರೆ. ಅರಿಸಿನ, ಕುಂಕುಮ, ಬಣ್ಣದ ಪುಡಿಗಳನ್ನು ತಟ್ಟೆಯಲ್ಲಿ ಗೋಪುರದಂತೆ ಒಟ್ಟುವ ಅಂಗಡಿಗಳ ಮುಂದೆ ಪರದೇಶದ ಕ್ಯಾಮೆರಾಗಳು ನಿಲ್ಲುತ್ತವೆ. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊರಿನ ಜನ ಅವನ್ನು ಹುಡುಕಿಕೊಂಡು ಬರುತ್ತಿದ್ದುದು ಇಲ್ಲಿಗೇ.

ಇದೆಲ್ಲ ನೆಲದ ಮಟ್ಟದಲ್ಲಿ ನಡೆಯುವ ವ್ಯಾಪಾರ. ದಪ್ಪ ಗೋಡೆ, ಎತ್ತರದ ಚಾವಣಿ, ಹತ್ತಾರು ಕಡೆಯಿಂದ ಗಾಳಿ ಇರುವುದರಿಂದ ಬೇಸಿಗೆಯ ಮಧ್ಯಾಹ್ನದಲ್ಲೂ ಸೊಪ್ಪು ಬೇಗ ಬಾಡುವುದಿಲ್ಲ. ಈ ಗುಣಗಳಲ್ಲಿ ಯಾವುದೂ ಕಟ್ಟಡದ ಮುಂಭಾಗದ ಅಲಂಕಾರದಲ್ಲಿ ಇಲ್ಲ. ಕೆಡವಿ ಕಟ್ಟುವವರು ಉಳಿಸುತ್ತೇವೆ ಎನ್ನುವುದು ಮಾತ್ರ ಆ ಅಲಂಕಾರವನ್ನೇ.

ಇನ್ನು ಕೆಡವುವವರ ಮೊದಲನೆಯ ಮಾತು, ವಯಸ್ಸಿನ ವಾದ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ನೂರು, ನೂರೈವತ್ತು ವರ್ಷ ದೊಡ್ಡ ವಯಸ್ಸೇನಲ್ಲ. ಮೈಸೂರಿನಲ್ಲೇ ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಜಗನ್ಮೋಹನ ಅರಮನೆ 1861ರದು. ರಂಗಾಚಾರ್ಲು ಪುರಭವನ 1884ರದು. ಮಾರುಕಟ್ಟೆಯ ತುದಿಯಲ್ಲೇ ನಿಂತಿರುವ ಚಿಕ್ಕ ಗಡಿಯಾರ ಅದರ ಓರಗೆಯದು. ಇವನ್ನು ವಯಸ್ಸಾಯಿತೆಂದು ಕೆಡವಬೇಕೆಂದು ಯಾರೂ ಹೇಳುತ್ತಿಲ್ಲ. ಒಂದೇ ಕಾಲದಲ್ಲಿ, ಒಂದೇ ಬಗೆಯ ಸಾಮಗ್ರಿಯಿಂದ, ಒಂದೇ ಊರಿನಲ್ಲಿ ಕಟ್ಟಿದ ಕಟ್ಟಡಗಳಲ್ಲಿ ಕೆಲವು ಗಟ್ಟಿಯಾಗಿದ್ದು ಕೆಲವು ಬೀಳುತ್ತಿವೆ ಎಂದರೆ ಕಾರಣ ವಯಸ್ಸಿನಲ್ಲಿರಲು ಸಾಧ್ಯವಿಲ್ಲ. ತಾರಸಿಯನ್ನು ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂಬುದರಲ್ಲಿದೆ.

ಆ ಕಾಲದ ಕಟ್ಟಡಗಳ ತಾರಸಿಯನ್ನು ಮದ್ರಾಸ್ ತಾರಸಿ ಎನ್ನುತ್ತಾರೆ. ಗೋಡೆಯಿಂದ ಗೋಡೆಗೆ ತೇಗದ ತೊಲೆ ಹಾಸಿ, ಅದರ ಮೇಲೆ ತೆಳುವಾದ ಚಿಕ್ಕ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕೂರಿಸುತ್ತಾರೆ. ಮೇಲೆ ಇಟ್ಟಿಗೆಚೂರು ಮತ್ತು ಸುಣ್ಣದ ದಪ್ಪ ಪದರ ಸುರಿದು ದಿನಗಟ್ಟಲೆ ಬಡಿಯುತ್ತಾರೆ. ಕೊನೆಗೆ ಚಪ್ಪಟೆ ಬಿಲ್ಲೆ ಹಾಸಿ ಸಂದು ಮುಚ್ಚುತ್ತಾರೆ. ನೀರು ನಿಲ್ಲದಂತೆ ನೋಡಿಕೊಂಡರೆ ಇಂಥ ತಾರಸಿ ತಲೆಮಾರುಗಟ್ಟಲೆ ಬಾಳುತ್ತದೆ. ಅದರ ಮರ್ಮಸ್ಥಾನ ತೊಲೆಯ ತುದಿ, ಅದು ಗೋಡೆಯೊಳಗೆ ಹೊಕ್ಕುವ ಒಂದು ಅಡಿಯಷ್ಟು ಜಾಗ. ನೀರಿನ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡು ಮಳೆನೀರು ನಿಂತರೆ ಅದು ಗೋಡೆಯೊಳಗೆ ಇಳಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಕೆಳಗಿನಿಂದ ನೋಡಿದವರಿಗೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ಹಕ್ಕಿ ತಂದು ಹಾಕಿದ ಅರಳಿ ಬೀಜ ಸಂದಿನಲ್ಲಿ ಮೊಳೆತರೆ ಎರಡು ಮಳೆಗಾಲದಲ್ಲಿ ಬೇರು ಗೋಡೆಯನ್ನೇ ಬಿಡಿಸುತ್ತದೆ. ಸಸಿಯನ್ನು ಚಿಕ್ಕದಿರುವಾಗ ಕಿತ್ತರೆ ಅದು ಒಬ್ಬ ಕೂಲಿಯಾಳಿನ ಅರ್ಧ ಗಂಟೆಯ ಕೆಲಸ. ಹತ್ತು ವರ್ಷ ಬಿಟ್ಟರೆ ಕೋಟಿ ರೂಪಾಯಿಯ ಅಂದಾಜುಪಟ್ಟಿ.

ಇದರ ಮೇಲೆ ಇನ್ನೊಂದು ಅನಾಹುತ ಸಿಮೆಂಟಿನದು. ಹಳೆಯ ತಾರಸಿ ಸೋರಿದೊಡನೆ ಗುತ್ತಿಗೆದಾರರು ಮಾಡುವ ಮೊದಲ ಕೆಲಸ ಮೇಲೊಂದು ಕಾಂಕ್ರೀಟ್ ಪದರ ಸುರಿಯುವುದು, ಗೋಡೆಗೆ ಸಿಮೆಂಟ್ ಗಿಲಾವು ಬಳಿಯುವುದು. ಸುಣ್ಣದ ಗೋಡೆ ತೇವವನ್ನು ಹೀರಿ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ತಾರಸಿಯ ಭಾರ ಹೆಚ್ಚುತ್ತದೆ, ಅದನ್ನು ಹೊರಬೇಕಾದ ತೊಲೆ ಒಳಗೇ ಕೊಳೆಯುತ್ತಿರುತ್ತದೆ. ದುರಸ್ತಿಯ ಹೆಸರಿನಲ್ಲಿ ನಡೆದ ಇಂಥ ಕೆಲಸವನ್ನು ಲೆಕ್ಕಕ್ಕೆ ಹಿಡಿದರೆ, ಹಳೆಯ ಕಟ್ಟಡಗಳು ದುರಸ್ತಿಗೆ ಬಗ್ಗುವುದಿಲ್ಲ ಎಂಬ ಮಾತಿನ ಅರ್ಥ ಬೇರೆಯೇ ಆಗುತ್ತದೆ.

2016ರ ಕುಸಿತವನ್ನೇ ಕೆಡವುವವರು ತಮ್ಮ ಮುಖ್ಯ ಸಾಕ್ಷಿಯಾಗಿ ಮುಂದಿಡುತ್ತಾರೆ. ಆ ಸಾಕ್ಷಿ ಹೇಳುವುದು ಅವರಿಗೆ ವಿರುದ್ಧವಾಗಿಯೇ. ಗೋಡೆ ತನ್ನಷ್ಟಕ್ಕೆ ತಾನು ಬಿದ್ದದ್ದಲ್ಲ, ಮಾರುಕಟ್ಟೆಯ ನವೀಕರಣದ ಕೆಲಸ ನಡೆಯುತ್ತಿದ್ದಾಗ ಬಿದ್ದದ್ದು. ಭಾರ ಹೊರುವ ಗೋಡೆಗಳ ಕಟ್ಟಡದಲ್ಲಿ ಎಲ್ಲಿ ಆಸರೆ ಕೊಡಬೇಕು, ಯಾವುದನ್ನು ಮೊದಲು ಬಿಚ್ಚಬೇಕು ಎಂಬುದಕ್ಕೆ ಒಂದು ಕ್ರಮವಿದೆ. ನವೀಕರಣದ ನಡುವೆ ಬಿದ್ದ ಗೋಡೆಯ ಬಗ್ಗೆ ಮೊದಲು ಕೇಳಬೇಕಾದದ್ದು ಆ ಕ್ರಮ ಪಾಲನೆಯಾಯಿತೇ ಎಂಬುದನ್ನು. ಗೋಡೆಯ ವಯಸ್ಸು ಆಮೇಲಿನ ಮಾತು. ಇನ್ನೂ ಮುಖ್ಯವಾದದ್ದು, ಉತ್ತರದ ಭಾಗ ಬಿದ್ದಾಗ ಉಳಿದ ಮಾರುಕಟ್ಟೆ ಅದರ ಜೊತೆ ಬೀಳಲಿಲ್ಲ. ನಾಳೆಯೇ ಬೀಳುತ್ತದೆ ಎಂದು ಹೇಳಿಸಿಕೊಂಡ ಕಟ್ಟಡದಲ್ಲಿ ಅಂದಿನಿಂದ ವರ್ಷಗಟ್ಟಲೆ, ಹಬ್ಬದ ನೂಕುನುಗ್ಗಲಿನಲ್ಲೂ ವ್ಯಾಪಾರ ನಡೆದಿದೆ. ನಿಜವಾಗಿ ಅಷ್ಟು ಅಪಾಯವಿದ್ದರೆ ಜನರನ್ನು ಅಲ್ಲಿ ಬಿಟ್ಟದ್ದು ಅಪರಾಧ. ಇಲ್ಲದಿದ್ದರೆ ಕೆಡವಲು ಕೊಟ್ಟ ಕಾರಣ ಸುಳ್ಳು. ಈ ಎರಡರಲ್ಲಿ ಯಾವುದು ಎಂದು ಮಾರುಕಟ್ಟೆಯ ಯಜಮಾನನಾದ ಮಹಾನಗರ ಪಾಲಿಕೆ ಹೇಳಿಲ್ಲ.

ಲ್ಯಾನ್ಸ್‌ಡೌನ್ ಕಟ್ಟಡದ ಕತೆ ಇದಕ್ಕಿಂತ ಕಹಿ. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಬಾಡಿಗೆದಾರರನ್ನು ಖಾಲಿ ಮಾಡಿಸಿದರು, ಹಳೆಯ ಪುಸ್ತಕದ ಅಂಗಡಿಗಳು ದಿಕ್ಕಾಪಾಲಾದವು, ದುರಸ್ತಿ ಶುರುವಾಗಿ ನಿಂತುಹೋಯಿತು, ದಶಕ ದಾಟಿದರೂ ಕಟ್ಟಡ ಬೀಗ ಹಾಕಿಕೊಂಡೇ ಇತ್ತು. ಕಿಟಕಿ ತೆರೆಯದ, ಕಸ ಗುಡಿಸದ, ಸೋರುವುದನ್ನು ಯಾರೂ ಕಾಣದ ಕಟ್ಟಡ ಬಳಕೆಯಲ್ಲಿರುವ ಕಟ್ಟಡಕ್ಕಿಂತ ಬಹಳ ಬೇಗ ಹಾಳಾಗುತ್ತದೆ. ಹೀಗೆ ಹಾಳಾಗಲು ಬಿಟ್ಟು, ಆಮೇಲೆ ಹಾಳಾಗಿದೆ ಎಂಬ ವರದಿ ತರಿಸಿಕೊಳ್ಳುವುದು ಮೈಸೂರಿಗೆ ಹೊಸದಲ್ಲ.

ತಜ್ಞರ ವರದಿಗಳ ವಿಷಯದಲ್ಲೂ ಒಂದು ಜಾಣತನ ನಡೆದಿದೆ. ತಜ್ಞರೆಲ್ಲ ಕೆಡವಬೇಕೆಂದೇ ಹೇಳಿದ್ದಾರೆ ಎಂಬಂತೆ ಮಾತಾಡಲಾಗುತ್ತದೆ. ಹಾಗೇನೂ ಇಲ್ಲ. ಪರಂಪರೆಯ ಸಂರಕ್ಷಣೆಗೆಂದೇ ಇರುವ ಇಂಟ್ಯಾಕ್ ಸಂಸ್ಥೆಯೂ ಮೈಸೂರಿನ ಪರಂಪರೆ ತಜ್ಞರೂ ಕಟ್ಟಡವನ್ನು ದುರಸ್ತಿಯಿಂದ ಉಳಿಸಲು ಸಾಧ್ಯ ಎಂದೇ ಹೇಳಿದ್ದಾರೆ. ಕೆಡವಬೇಕೆಂದವರು ಬೇರೆ ತಾಂತ್ರಿಕ ಸಮಿತಿಗಳವರು. ಎಂಜಿನಿಯರಿಂಗ್ ಶಿಕ್ಷಣ ಬಹುಮಟ್ಟಿಗೆ ಕಾಂಕ್ರೀಟು ಮತ್ತು ಉಕ್ಕಿನ ಸುತ್ತಲೇ ಸುತ್ತುವ ಕಾಲವಿದು. ಸುಣ್ಣದ ಗಾರೆಯ ಬಲವನ್ನು ಕಾಂಕ್ರೀಟಿನ ಅಳತೆಗೋಲಿನಿಂದ ಅಳೆದರೆ ಯಾವ ಹಳೆಯ ಗೋಡೆಯೂ ಪಾಸಾಗುವುದಿಲ್ಲ, ಮೈಸೂರು ಅರಮನೆಯ ಆವರಣದ ಹಳೆಯ ಗುಡಿಗಳೂ ಆಗುವುದಿಲ್ಲ.

ಎರಡನೆಯ ಮಾತು, ಅದೇ ಶೈಲಿಯಲ್ಲಿ ಮತ್ತೆ ಕಟ್ಟುತ್ತೇವೆ ಎಂಬ ಭರವಸೆ. ಕೇಳಲು ಹಿತವಾಗಿರುವುದರಿಂದ ಎಲ್ಲಕ್ಕಿಂತ ಹೆಚ್ಚು ಜನ ನಂಬಿರುವುದು ಇದನ್ನು. ಹೊಸ ಕಟ್ಟಡ ಎಂದ ಮೇಲೆ ಅದು ಇವತ್ತಿನ ಕಟ್ಟಡ ನಿಯಮಗಳಿಗೆ ಒಳಪಡಬೇಕು. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಸುತ್ತುವಷ್ಟು ದಾರಿ ಬಿಡಬೇಕು, ನಡುವಿನ ಓಣಿಗಳನ್ನು ಅಗಲ ಮಾಡಬೇಕು, ಶೌಚಾಲಯ, ಮೆಟ್ಟಿಲು, ಕಸದ ಕೋಣೆ, ವಿದ್ಯುತ್ ಕೋಣೆ ಬರಬೇಕು. ಇಷ್ಟನ್ನೂ ಮೂರೂವರೆ ಎಕರೆಯ ಒಂದೇ ಅಂತಸ್ತಿನಲ್ಲಿ ಇಟ್ಟು, ಎಂಟುನೂರು ಮಳಿಗೆಗಳನ್ನೂ ಅಷ್ಟೇ ಅಳತೆಯಲ್ಲಿ ಹಿಂದಿರುಗಿಸುವ ನಕಾಶೆ ಯಾರಿಂದಲೂ ಬರೆಯಲಾಗದು. ಒಂದೋ ಅಂಗಡಿಗಳು ಕಡಿಮೆಯಾಗಬೇಕು, ಇಲ್ಲವೇ ಕಟ್ಟಡ ಮೇಲಕ್ಕೋ ಕೆಳಕ್ಕೋ ಬೆಳೆಯಬೇಕು. ಎರಡರಲ್ಲಿ ಯಾವುದಾದರೂ ಅದೇ ಮಾರುಕಟ್ಟೆ ಆಗಿರುವುದಿಲ್ಲ. ಕಾಂಕ್ರೀಟ್ ಕಂಬಗಳ ಮುಂದೆ ಕಮಾನಿನ ಆಕಾರ ಅಂಟಿಸಿದ ಮಾತ್ರಕ್ಕೆ ಅದು ಪಾರಂಪರಿಕ ಕಟ್ಟಡವೂ ಆಗುವುದಿಲ್ಲ.

ಬಾಳಿಕೆಯ ಲೆಕ್ಕವೂ ತಲೆಕೆಳಗು. ಸಾಮಾನ್ಯ ಕಾಂಕ್ರೀಟ್ ಕಟ್ಟಡಗಳನ್ನು ಸುಮಾರು ಐವತ್ತು ವರ್ಷದ ಆಯುಸ್ಸು ಎಣಿಸಿ ವಿನ್ಯಾಸ ಮಾಡುತ್ತಾರೆ. ತರಕಾರಿ ಮಾರುಕಟ್ಟೆಯಂತೂ ಸದಾ ಒದ್ದೆ. ಬೆಳಗ್ಗೆ ಸಂಜೆ ನೆಲ ತೊಳೆಯುತ್ತಾರೆ, ಹೂವಿಗೂ ಎಲೆಗೂ ನೀರು ಚಿಮುಕಿಸುತ್ತಾರೆ, ಕೊಳೆತ ಹಣ್ಣಿನ ರಸ ಮೂಲೆಯಲ್ಲಿ ಹೆಪ್ಪುಗಟ್ಟುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ವಾತಾವರಣ ಬೇರೆ ಬೇಕಿಲ್ಲ. ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಮೇಲಿನ ಕಾಂಕ್ರೀಟನ್ನು ಒಡೆದು ಹೊರಗೆ ಬರುವುದನ್ನು ನೋಡಲು ರಾಜ್ಯದ ಯಾವುದೇ ಹಳೆಯ ಸರ್ಕಾರಿ ಬಸ್ ನಿಲ್ದಾಣಕ್ಕೆ ಹೋದರೆ ಸಾಕು. ದೋಣಿಯ ತರಗೆಲೆ ಗುಡಿಸಲಾಗದ ಪಾಲಿಕೆ ಲಿಫ್ಟನ್ನೂ ನೆಲಮಾಳಿಗೆಯ ಪಂಪನ್ನೂ ನೋಡಿಕೊಳ್ಳುತ್ತದೆ ಎಂದು ನಂಬುವುದಕ್ಕೆ ಆಧಾರವೇನು? ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರು ಹೊಸ ಮೂಗಿಗೆ ನೆಗಡಿ ಬರುವುದಿಲ್ಲ ಎಂದು ಹೇಳಿದಂತಿದೆ ಈ ವಾದ.

ಮಾರುಕಟ್ಟೆ ಹೋಗಿ ಶೈಲಿ ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈನಲ್ಲಿ ಉದಾಹರಣೆಯಿದೆ. ಅಲ್ಲಿನ ಮೂರ್ ಮಾರ್ಕೆಟ್ 1900ರಲ್ಲಿ ತೆರೆದದ್ದು, 1985ರ ಮೇ 30ರಂದು ಸುಟ್ಟುಹೋಯಿತು. ಅದರ ಜಾಗ ರೈಲು ನಿಲ್ದಾಣದ ಪಾಲಾಯಿತು. ಈಗ ಅಲ್ಲಿ ಹಳೆಯ ಮಾರುಕಟ್ಟೆಯದೊಂದು ಪುಟ್ಟ ಮಾದರಿಯನ್ನು ಇಟ್ಟಿದ್ದಾರೆ. ಶೈಲಿ ಉಳಿದಿದೆ ಎಂದು ಬೇಕಿದ್ದರೆ ಹೇಳಿಕೊಳ್ಳಬಹುದು.

ವಾಹನ ನಿಲುಗಡೆ, ಅಂತಸ್ತು, ಆಧುನಿಕ ಸೌಕರ್ಯ ಎಂಬ ಮೂರನೆಯ ಮಾತಿಗೆ ಉತ್ತರ ಬೆಂಗಳೂರಿನಲ್ಲಿದೆ. ಅಲ್ಲಿನ ಕೃಷ್ಣರಾಜೇಂದ್ರ ಮಾರುಕಟ್ಟೆ 1921ರದು. ಹಳೆಯ ಕಟ್ಟಡಗಳ ನಡುವೆ 1990ರ ದಶಕದಲ್ಲಿ ಮೂರು ಅಂತಸ್ತಿನ ಕಾಂಕ್ರೀಟ್ ಸಂಕೀರ್ಣ ಎದ್ದಿತು, ಕೆಳಗೆ ವಾಹನಗಳಿಗೆ ಜಾಗ ಬಂತು. ಹೂವಿನ ವ್ಯಾಪಾರ, ಸೊಪ್ಪಿನ ವ್ಯಾಪಾರ ಮೇಲಂತಸ್ತಿಗೆ ಹತ್ತಲೇ ಇಲ್ಲ. ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ ಮೆಟ್ಟಿಲು ಏರಿ ಇಳಿಯುವ ಕೂಲಿಯನ್ನು ಒಂದು ಕಟ್ಟು ಕೊತ್ತಂಬರಿಯ ಬೆಲೆ ತಾಳಿಕೊಳ್ಳದು. ಎರಡು ನಿಂಬೆಹಣ್ಣಿಗಾಗಿ ಗಿರಾಕಿಯೂ ಮೇಲೆ ಹತ್ತುವುದಿಲ್ಲ. ವ್ಯಾಪಾರ ನೆಲದಲ್ಲೇ ಉಳಿದು, ಅಲ್ಲಿ ಸಾಲದಾದಾಗ ರಸ್ತೆಗೆ ಚೆಲ್ಲಿತು. ಮೇಲಿನಿಂದ ಹೂವಿನ ಮಾರುಕಟ್ಟೆಯ ಚಿತ್ರ ತೆಗೆಯುವವರಿಗೆ ಮಾತ್ರ ಆ ಅಂತಸ್ತುಗಳಿಂದ ನಿಜವಾದ ಉಪಕಾರವಾಗಿದೆ.

ಮೈಸೂರಿನಲ್ಲೂ ಉದಾಹರಣೆಗೆ ದೂರ ಹೋಗಬೇಕಿಲ್ಲ. ಮಾರುಕಟ್ಟೆಯಿಂದ ಕೂಗಳತೆಯಲ್ಲಿರುವ ಪುರಭವನದ ಆವರಣದಲ್ಲಿ ನೆಲದಡಿ ವಾಹನ ನಿಲ್ದಾಣ ಮಾಡುವ ಕೆಲಸ ದಶಕಕ್ಕೂ ಹೆಚ್ಚು ಕಾಲ ಎಳೆದಾಡಿತು. ಅದು ವ್ಯಾಪಾರಿಗಳಿಲ್ಲದ, ಯಾರನ್ನೂ ಎಬ್ಬಿಸಬೇಕಿಲ್ಲದ, ಮೇಲೆ ಕಟ್ಟಡವಿಲ್ಲದ ಖಾಲಿ ನೆಲ. ಖಾಲಿ ನೆಲದಲ್ಲಿ ಇಷ್ಟು ಕಾಲ ಹಿಡಿದವರು ಎಂಟುನೂರು ಅಂಗಡಿಗಳ ಮಾರುಕಟ್ಟೆಯನ್ನು ಎರಡು ಮೂರು ವರ್ಷದಲ್ಲಿ ಮುಗಿಸಿಕೊಡುತ್ತೇವೆ ಎಂದರೆ ನಂಬುವವರು ಯಾರು? ಮಾರುಕಟ್ಟೆಯ ಗಿರಾಕಿಗಳಲ್ಲಿ ಬಹಳಷ್ಟು ಜನ ನಗರ ಬಸ್ಸಿನಲ್ಲೂ ಆಟೊದಲ್ಲೂ ನಡೆದೂ ಬರುವವರು, ಕಾರಿಗೆ ಜಾಗ ಕೇಳಿದವರು ಅವರಲ್ಲ ಎಂಬುದು ಬೇರೆ ಮಾತು.

ನಾಲ್ಕನೆಯ ಮಾತು ವ್ಯಾಪಾರಿಗಳ ಹಿತದ್ದು. ತಾತ್ಕಾಲಿಕವಾಗಿ ಬೇರೆಡೆ ಅಂಗಡಿ ಕೊಡುತ್ತೇವೆ, ಕಟ್ಟಡವಾದ ಮೇಲೆ ಹಿಂದಿರುಗಬಹುದು ಎನ್ನುತ್ತಾರೆ. ವ್ಯಾಪಾರಿಗಳಲ್ಲಿ ಬಹುಮಂದಿ ಇದನ್ನು ಒಪ್ಪದೆ ದುರಸ್ತಿಯನ್ನೇ ಕೇಳಿದ್ದು ಹಟದಿಂದಲ್ಲ. ಬೇಗ ಹಾಳಾಗುವ ಮಾಲಿನ ವ್ಯಾಪಾರ ನಿಂತಿರುವುದು ಗಿರಾಕಿಯ ಅಭ್ಯಾಸದ ಮೇಲೆ. ಹೂವು ತೆಗೆದುಕೊಂಡವರು ಪಕ್ಕದಲ್ಲೇ ಎಲೆ ಅಡಿಕೆ ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಬಾಳೆಹಣ್ಣು, ತೆಂಗಿನಕಾಯಿ. ಒಬ್ಬರ ಅಂಗಡಿಯ ಗಿರಾಕಿ ಇನ್ನೊಬ್ಬರ ಅಂಗಡಿಯ ಗಿರಾಕಿ. ಈ ಸಾಲನ್ನು ಒಡೆದು ಊರಿನ ನಾಲ್ಕು ಮೂಲೆಗೆ ಹಂಚಿದರೆ ಒಬ್ಬೊಬ್ಬರಿಗೂ ಆಗುವ ನಷ್ಟ ಅವರ ಪಾಲಿನ ಜಾಗಕ್ಕಿಂತ ದೊಡ್ಡದು. ಎರಡು ವರ್ಷ ಬೇರೆಡೆ ಕೊಂಡ ಗಿರಾಕಿ ಮತ್ತೆ ಬರುವುದಿಲ್ಲ, ಅಷ್ಟರಲ್ಲಿ ಮನೆಬಾಗಿಲಿಗೆ ಸಾಮಾನು ತರುವ ಆ್ಯಪ್‌ಗಳು ಅವರನ್ನು ಹಿಡಿದಿರುತ್ತವೆ.

ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯವರಿಗೆ ಇದರ ಅನುಭವವಾಗಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣ ಕೊಟ್ಟು ಅಲ್ಲಿನ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಕಳಿಸಿದರು. ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು, ಕೊನೆಗೆ ಕಟ್ಟಡವನ್ನೂ ಕೆಡವಲಾಯಿತು. ಇದಕ್ಕೆ ಎದುರಾಗಿ ಬೆಂಗಳೂರಿನ ರಸೆಲ್ ಮಾರುಕಟ್ಟೆಯನ್ನು ನೋಡಬಹುದು. 2012ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ವ್ಯಾಪಾರಿಗಳೇ ಮುಂದೆ ನಿಂತು ಕಟ್ಟಡವನ್ನು ಸರಿಮಾಡಿಕೊಂಡರು, ಅದೇ ಗೋಡೆಗಳ ನಡುವೆ ವ್ಯಾಪಾರ ಮತ್ತೆ ಶುರುವಾಯಿತು. ಬೆಂಕಿಯಿಂದ ಬೆಂದ ಕಟ್ಟಡ ದುರಸ್ತಿಯಾಗುವುದಾದರೆ ಮಳೆಯಲ್ಲಿ ನೆನೆದ ಕಟ್ಟಡ ಆಗುವುದಿಲ್ಲ ಎನ್ನಲು ಕಾರಣ ಕೊಡಬೇಕಾದವರು ಕೆಡವುವವರು.

ಇಷ್ಟು ಹೇಳಿದ ಮೇಲೆ ಪರಂಪರೆಯ ಪರವಾಗಿ ಮಾತಾಡುವವರಲ್ಲಿ ಒಂದು ಗುಂಪಿಗೂ ಎರಡು ಮಾತು ಹೇಳಬೇಕಾಗುತ್ತದೆ. ಅವರ ಪ್ರೀತಿಯೆಲ್ಲ ಕಮಾನಿನ ಮೇಲೆ, ದಸರಾ ಮೆರವಣಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಹೋಗುವಾಗ ಹಿಂದೆ ಕಾಣುವ ಮುಂಭಾಗದ ಮೇಲೆ. ಒಳಗೆ ಏನು ಮಾರುತ್ತಾರೆ ಎಂಬುದು ಅವರಿಗೆ ಗೌಣ. ಲಂಡನ್ನಿನ ಕೋವೆಂಟ್ ಗಾರ್ಡನ್ ಪ್ರದೇಶವನ್ನು ಕೆಡವುವ ಯೋಜನೆ 1970ರ ದಶಕದಲ್ಲಿ ಜನರ ವಿರೋಧದಿಂದ ನಿಂತಿತು, 1830ರ ಮಾರುಕಟ್ಟೆ ಕಟ್ಟಡ ಉಳಿಯಿತು. ಆದರೆ ಹಣ್ಣು, ತರಕಾರಿ, ಹೂವಿನ ವ್ಯಾಪಾರ 1974ರಲ್ಲೇ ಲಂಡನ್ನಿನದೇ ಇನ್ನೊಂದು ಭಾಗವಾದ ನೈನ್ ಎಲ್ಮ್ಸ್‌ಗೆ ಹೋಗಿತ್ತು. 1980ರಲ್ಲಿ ಮತ್ತೆ ಬಾಗಿಲು ತೆರೆದಾಗ ಒಳಗಿದ್ದದ್ದು ಪ್ರವಾಸಿಗರಿಗೆಂದು ಮಾಡಿದ ಅಂಗಡಿಗಳು. ದೇವರಾಜ ಮಾರುಕಟ್ಟೆಯನ್ನು ಉಳಿಸಿ 'ಹೆರಿಟೇಜ್ ಪ್ಲಾಜಾ' ಮಾಡುವ ಕನಸು ಕಾಣುವವರು ಕೆಡವುವವರ ಎದುರಾಳಿಗಳಲ್ಲ, ಅವರ ನಿಧಾನದ ಜೊತೆಗಾರರು.

ಹಾಗೆಂದು ಈಗಿರುವುದೆಲ್ಲ ಹಾಗೇ ಇರಬೇಕು ಎಂದಲ್ಲ. ಬಿದ್ದ ಉತ್ತರ ಭಾಗವನ್ನು ಕಟ್ಟಲೇಬೇಕು, ಅದನ್ನು ಸುಣ್ಣದ ಗಾರೆಯಲ್ಲೇ ಕಟ್ಟಬೇಕು. ಕಾಲಕಾಲಕ್ಕೆ ಅಂಟಿಸಿಕೊಂಡ ತಗಡಿನ ಮಾಡು, ಅಂಗಡಿಯಿಂದ ಅಂಗಡಿಗೆ ಜೋತಾಡುವ ವಿದ್ಯುತ್ ತಂತಿಗಳು, ಮುಚ್ಚಿಹೋದ ಚರಂಡಿ, ನಡುಗೋಡೆ ಕೊರೆದು ಮಾಡಿಕೊಂಡ ಬಾಗಿಲುಗಳು ಪರಂಪರೆಯಲ್ಲ, ಅವು ಹೋಗಬೇಕು. ನಡುಗೋಡೆ ಕೊರೆದ ಬಾಡಿಗೆದಾರರಿಗೂ ಕಟ್ಟಡದ ಈ ಸ್ಥಿತಿಯಲ್ಲಿ ಪಾಲಿದೆ. ಅದನ್ನು ವ್ಯಾಪಾರಿಗಳ ಪರ ನಿಂತವರು ಹೇಳಲು ಹಿಂಜರಿಯುತ್ತಾರೆ.

ಕೊನೆಗೆ ಉಳಿಯುವುದು ಹಣ. ದುರಸ್ತಿಗೆ ಹಣವಿಲ್ಲ ಎನ್ನುವ ಪಾಲಿಕೆಗೆ ಹೊಸ ಕಟ್ಟಡಕ್ಕೆ ಹಣ ಸಿಗುತ್ತದೆ ಎಂಬುದೇ ಒಂದು ವಿಚಿತ್ರ. ಕಾರಣ ಸರಳ. ದುರಸ್ತಿ ಎಂಬುದು ವರ್ಷವರ್ಷವೂ ಬರುವ ಸಣ್ಣ ಖರ್ಚು, ಅದಕ್ಕೆ ಶಂಕುಸ್ಥಾಪನೆ ಇಲ್ಲ, ಅಮೃತಶಿಲೆಯ ಫಲಕವಿಲ್ಲ, ದೊಡ್ಡ ಟೆಂಡರ್ ಇಲ್ಲ. ಬಾಡಿಗೆಯನ್ನು ದಶಕಗಟ್ಟಲೆ ಪರಿಷ್ಕರಿಸದೆ ಬಿಟ್ಟು, ಒಳಬಾಡಿಗೆಗೆ ಕಣ್ಣುಮುಚ್ಚಿ, ಆಮೇಲೆ ಮಾರುಕಟ್ಟೆಯಿಂದ ಆದಾಯವಿಲ್ಲ ಎಂದು ಹೇಳುವುದು ಮನೆಯ ಯಜಮಾನನೇ ಮಾಡಿಕೊಂಡ ದಿವಾಳಿ. ಬಾಡಿಗೆಯನ್ನು ನ್ಯಾಯವಾದ ಮಟ್ಟಕ್ಕೆ ಏರಿಸಿ, ಆ ಹೆಚ್ಚಳವನ್ನು ಪಾಲಿಕೆಯ ಸಾಮಾನ್ಯ ಖಜಾನೆಗೆ ಸೇರಿಸದೆ ಮಾರುಕಟ್ಟೆಯ ದುರಸ್ತಿ ನಿಧಿಗೇ ಮೀಸಲಿಟ್ಟರೆ ವ್ಯಾಪಾರಿಗಳು ಕೊಡಲು ಒಪ್ಪುವುದಕ್ಕೆ ಕಾರಣವಿರುತ್ತದೆ. ಮುಂಬಯಿಯ 1869ರ ಕ್ರಾಫರ್ಡ್ ಮಾರುಕಟ್ಟೆಯನ್ನು ಖಾಸಗಿ ಬಿಲ್ಡರ್ ಕೈಗೆ ಕೊಡುವ ಯೋಜನೆ ವಿರೋಧದಿಂದ ಬಿದ್ದುಹೋದ ಮೇಲೆ ಅಲ್ಲಿನ ಪಾಲಿಕೆ ಹಳೆಯ ಕಟ್ಟಡದ ಜೀರ್ಣೋದ್ಧಾರಕ್ಕೇ ಕೈಹಾಕಿತು.

ದೇವರಾಜ ಮಾರುಕಟ್ಟೆಗೆ ಆ ಕೆಲಸ ಮುಂಬಯಿಗಿಂತ ಸುಲಭ, ಏಕೆಂದರೆ ಅದನ್ನು ಕಟ್ಟಿದ್ದೇ ತುಂಡು ತುಂಡಾಗಿ. ಒಂದು ಸಾಲಿನ ಇಪ್ಪತ್ತು ಮೂವತ್ತು ಅಂಗಡಿಗಳನ್ನು ಒಳಗಿನ ಖಾಲಿ ಕಟ್ಟೆಗಳಿಗೆ ಸರಿಸಿ, ತಾರಸಿಯ ಮೇಲಿನ ಸಿಮೆಂಟ್ ಪದರ ಇಳಿಸಿ, ಕೊಳೆತ ತೊಲೆಗಳನ್ನು ಬದಲಿಸಿ, ಸುಣ್ಣದ ಪದರ ಹಾಕಿ, ಅವರನ್ನು ಹಿಂದಕ್ಕೆ ಕೂರಿಸಿ, ಮುಂದಿನ ಸಾಲಿಗೆ ಹೋಗಬಹುದು. ಮೊದಲ ಮಳೆಗಾಲಕ್ಕೆ ಮುಂಚೆ ಎಲ್ಲ ದೋಣಿಗಳನ್ನೂ ಬಿಡಿಸಿ ಅರಳಿ ಸಸಿಗಳನ್ನು ಕೀಳುವುದಕ್ಕೆ ಯಾವ ಸಮಿತಿಯ ವರದಿಯೂ ಬೇಕಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಬಾಡಿಗೆದಾರರನ್ನು ಆಗಲೇ ಹೊರಗೆ ಹಾಕಿರುವುದರಿಂದ ಅಲ್ಲಿ ಅಂಗಡಿ ಸರಿಸುವ ತೊಂದರೆಯೂ ಇಲ್ಲ, ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು.